ನಿರ್ಮಾಣವೂ ಜೀರ್ಣೋದ್ಧಾರವೂ

೧

ಕರ್ನಾಟಕದ ದೇವಾಲಯಗಳಿಗೂ ಬಸದಿಗಳಿಗೂ ಭೂಮಿಯನ್ನು ಬಿಟ್ಟುಕೊಟ್ಟ ದಾನಶಾಸನಗಳನ್ನು ಓದಿದವರಿಗೆ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ಚಿರಪರಿಚಿತವಾದುದು. ಒಡೆದುದು ಖಂಡ, ಬಿರಿದುದು ಸ್ಫುಟಿತ. ಇವೆರಡನ್ನೂ ಸರಿಪಡಿಸಿ, ಜೀರ್ಣವಾದುದನ್ನು ಮರಳಿ ಎತ್ತಿ ನಿಲ್ಲಿಸುವುದಕ್ಕೋಸ್ಕರ ಇಷ್ಟು ಗದ್ದೆ, ಇಷ್ಟು ಬೆದ್ದಲು, ಇಷ್ಟು ತೋಟ ಎಂದು ದಾನಿಯು ನಿಯಮಿಸುತ್ತಿದ್ದನು. ಕಲ್ಲಿನ ಕಟ್ಟಡವು ಎದ್ದು ನಿಂತ ದಿನವೇ ಅದು ಎಂದಾದರೊಂದು ದಿನ ಬಿರಿಯತಕ್ಕದ್ದೆಂಬುದನ್ನು ಆ ಕಾಲದವರು ಒಪ್ಪಿಕೊಂಡಿದ್ದರು. ಆ ದಿನಕ್ಕೆ ಬೇಕಾದ ಏರ್ಪಾಡನ್ನು ಕಟ್ಟುವಾಗಲೇ ಮಾಡುತ್ತಿದ್ದರು. ಕೆರೆಗಳ ವಿಷಯದಲ್ಲಿಯೂ ಹೀಗೆಯೇ. ಏರಿಗೆ ಮಣ್ಣು ಹಾಕಿಸಿ, ಹೂಳನ್ನು ತೆಗೆಯಿಸಿ, ತೂಬನ್ನು ನೇರ್ಪುಮಾಡಿ ಕೆರೆಯನ್ನು ಕಾಪಾಡುವುದಕ್ಕೆಂದು ಬಿಡುತ್ತಿದ್ದ ಭೂಮಿಗೆ ಬಿತ್ತುವಟ್ಟವೆಂಬ ಹೆಸರಿದ್ದಿತು. ತಾಮ್ರಪಟಗಳ ಕೊನೆಯಲ್ಲಿ ಬರುವ ಧರ್ಮವಚನಗಳಂತೂ ಒಂದು ಹೆಜ್ಜೆ ಮುಂದೆ ಹೋಗಿ, ತಾನು ದಾನಮಾಡುವುದಕ್ಕಿಂತ ಹಿಂದಿನವನು ಮಾಡಿದ ದಾನವನ್ನು ಪಾಲಿಸುವುದೇ ಹೆಚ್ಚಿನ ಶ್ರೇಯಸ್ಸೆಂದು ಸಾರುತ್ತವೆ.

ಲೋಕದ ರೂಢಿಯಾದರೋ ಇದಕ್ಕೆ ವಿರುದ್ಧವಾಗಿದೆ. ಕಟ್ಟಿದವನ ಹೆಸರನ್ನು ಕಲ್ಲಿನಲ್ಲಿ ಕೆತ್ತುತ್ತಾರೆ. ಬಿರುಕಿಗೆ ಗಾರೆ ತುಂಬಿದವನ ಹೆಸರನ್ನು ಕೇಳುವವರಿಲ್ಲ. ಕಾವ್ಯವನ್ನು ಬರೆದವನು ಕವಿಯೆನಿಸುತ್ತಾನೆ. ಹುಳು ತಿಂದ ಓಲೆಯಿಂದ ಆ ಕಾವ್ಯವನ್ನು ಹೊಸ ಓಲೆಗೆ ಇಳಿಸಿ ಉಳಿಸಿದವನು ಬರಿಯ ಲಿಪಿಕಾರನೆನಿಸುತ್ತಾನೆ. ಇವೆರಡು ಮತಗಳಲ್ಲಿ ಯಾವುದು ನ್ಯಾಯ್ಯವಾದುದು? ಒಬ್ಬನು ಕಟ್ಟಿದುದನ್ನು ಮತ್ತೊಬ್ಬನು ತಿದ್ದಬಹುದೆ? ತಿದ್ದುವುದಾದರೆ ಯಾವ ಅಧಿಕಾರದಿಂದ, ಎಲ್ಲಿಯವರೆಗೆ? ಈ ಪ್ರಶ್ನೆಗಳು ಹಳೆಯವಾದರೂ ಈ ಕಾಲದಲ್ಲಿ ಹೊಸದೊಂದು ಎಡೆಯಲ್ಲಿ ಹುಟ್ಟಿವೆ. ಆ ಎಡೆಯಲ್ಲಿಟ್ಟು ಅವುಗಳನ್ನು ವಿಚಾರಮಾಡಿದರೆ ಹಳೆಯ ಧರ್ಮದ ಅರ್ಥವೂ ಹೆಚ್ಚು ವಿಶದವಾಗುವುದು.

೨

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ, ಪೀಣ್ಯದ ಕಾರ್ಖಾನೆಗಳನ್ನು ಹಿಂದಿಟ್ಟು ನೆಲಮಂಗಲವನ್ನು ಸೇರುವುದಕ್ಕೆ ಮುಂಚೆ ಮಾಕಳಿಯೆಂಬ ಗ್ರಾಮವಿದೆ. ಹೊಲಗಳಿದ್ದ ಸೀಮೆಯಲ್ಲಿ ಈಗ ಔಷಧದ ಕಾರ್ಖಾನೆಯೂ ಉಗ್ರಾಣಗಳೂ ಬಾಡಿಗೆಯ ಮನೆಗಳೂ ಎದ್ದಿವೆ. ೨೦೨೪ರ ನವೆಂಬರ್ ತಿಂಗಳಲ್ಲಿ ಮೆಟ್ರೋ ರೈಲು ಮಾದಾವರದವರೆಗೆ ಬಂದ ಮೇಲೆ ನಗರವು ಈ ಸೀಮೆಗೆ ಇನ್ನಷ್ಟು ಹತ್ತಿರವಾಯಿತು. ಇಂಥ ಊರಿನ ಒಂದು ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತ ತರುಣಿಯೊಬ್ಬಳಿಗೆ, ಇಪ್ಪತ್ತು ವರ್ಷಗಳ ಹಿಂದೆ ಯಾರೋ ಸಿ ಭಾಷೆಯಲ್ಲಿ ಬರೆದಿಟ್ಟ ಪ್ರೋಗ್ರಾಮಿನ ಒಂದು ಭಾಗವನ್ನು ಶುದ್ಧಪಡಿಸುವ ಕೆಲಸವು ಪ್ರಾಪ್ತವಾಯಿತೆಂದು ವಾಚಕರು ಕಲ್ಪಿಸಿಕೊಳ್ಳಬಹುದು. ಆ ಪ್ರೋಗ್ರಾಮು ಜಾಲದಲ್ಲಿ ಹರಿಯುವ ಪ್ಯಾಕೆಟ್ಟುಗಳನ್ನು ಹಿಡಿದು ಬಿಡಿಸಿ ತೋರಿಸುವಂಥದು.

ಅಂತರ್ಜಾಲದ ಮಾರ್ಗವಾಗಿ ಹೋಗುವ ಪತ್ರ, ಚಿತ್ರ, ಹಣದ ಲೆಕ್ಕ ಮುಂತಾದುವೆಲ್ಲ ಸಣ್ಣ ಸಣ್ಣ ಕಟ್ಟುಗಳಾಗಿ ಹೋಗುತ್ತವೆ. ಈ ಕಟ್ಟಿಗೆ ಪ್ಯಾಕೆಟ್ಟೆಂದು ಹೆಸರು. ಈಥರ್ನೆಟ್ಟಿನ ಒಂದು ಕಟ್ಟಿನಲ್ಲಿ ಸಾಮಾನ್ಯವಾಗಿ ೧೫೦೦ ಬೈಟುಗಳಿಗಿಂತ ಹೆಚ್ಚಿನ ಹೊರೆಯು ಹೋಗುವುದಿಲ್ಲ. ಮೊದಲ ೧೪ ಬೈಟುಗಳು ಈಥರ್ನೆಟ್ಟಿನ ಶಿರೋಲೇಖ. ಅದರ ಒಳಗೆ ಕನಿಷ್ಠ ೨೦ ಬೈಟುಗಳ ಐಪಿ ಶಿರೋಲೇಖ. ಅದರ ಒಳಗೆ ಕನಿಷ್ಠ ೨೦ ಬೈಟುಗಳ ಟಿಸಿಪಿ ಶಿರೋಲೇಖ. ಅದಕ್ಕೂ ಒಳಗೆ ವಿಷಯ. ಇವುಗಳ ನಡುವೆ ಬಿಡುವಿಲ್ಲ, ವಿರಾಮಚಿಹ್ನೆಯಿಲ್ಲ. ವೇದದ ಸಂಹಿತಾಪಾಠದಲ್ಲಿ ಪದಗಳು ಸಂಧಿಯಿಂದ ಒಂದಕ್ಕೊಂದು ಹೆಣೆದುಕೊಂಡಿರುವಂತೆ ಇಲ್ಲಿ ಬೈಟುಗಳು ಹೆಣೆದುಕೊಂಡಿರುತ್ತವೆ. ಸಂಹಿತೆಯಿಂದ ಪದಪಾಠವನ್ನು ಬಿಡಿಸುವಂತೆ, ಇದು ಕಳುಹಿಸಿದವನ ವಿಳಾಸ, ಇದು ಪಡೆಯುವವನ ವಿಳಾಸ, ಇದು ಉದ್ದ, ಇದು ವಿಷಯ ಎಂದು ಪದಚ್ಛೇದ ಮಾಡಿ ತೋರಿಸುವುದೇ ಪ್ಯಾಕೆಟ್ ವಿಶ್ಲೇಷಕದ ಕೆಲಸ.

ಇಂಥ ವಿಶ್ಲೇಷಕಗಳಲ್ಲಿ ಇಂದು ಪ್ರಸಿದ್ಧವಾದುದು ವೈರ್‌ಶಾರ್ಕ್. ಅಮೆರಿಕದ ಕ್ಯಾನ್ಸಾಸ್ ಸಿಟಿಯಲ್ಲಿ ಅಂತರ್ಜಾಲ ಸೇವೆಯ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸಮಾಡುತ್ತಿದ್ದ ಜೆರಾಲ್ಡ್ ಕೋಂಬ್ಸ್ ಎಂಬವರು ಜಾಲದ ದೋಷಗಳನ್ನು ಹುಡುಕುವುದಕ್ಕೆ ಸಾಧನವು ಬೇಕಾಗಿ, ೧೯೯೮ರಲ್ಲಿ ಈಥೀರಿಯಲ್ ಎಂಬ ಹೆಸರಿನಿಂದ ಇದನ್ನು ಹೊರಗೆಡಹಿದರು. ೨೦೦೬ರಲ್ಲಿ ಅವರು ಬೇರೆ ಸಂಸ್ಥೆಗೆ ಹೋದಾಗ ಹಳೆಯ ಹೆಸರಿನ ಮುದ್ರಾಧಿಕಾರವು ಹಿಂದೆಯೇ ಉಳಿಯಿತು; ಪ್ರೋಗ್ರಾಮು ಹೊಸ ಹೆಸರಿನಿಂದ ಮುಂದುವರಿಯಿತು. ಯಾರಾದರೂ ಓದಬಹುದು, ಯಾರಾದರೂ ತಿದ್ದಬಹುದು, ತಿದ್ದಿ ಹಂಚುವವನು ತಿದ್ದುಪಡಿಯನ್ನೂ ಅದೇ ನಿಯಮದಲ್ಲಿಯೇ ಕೊಡಬೇಕು ಎಂಬ ಸಾರ್ವಜನಿಕ ಅನುಮತಿಪತ್ರದ ಆಶ್ರಯದಲ್ಲಿ ಅದು ಬೆಳೆದುದರಿಂದ ಹೀಗೆ ಮುಂದುವರಿಯುವುದು ಸಾಧ್ಯವಾಯಿತು. ಒಬ್ಬರಿಂದ ಆರಂಭವಾದ ಕಟ್ಟಡಕ್ಕೆ ನೂರಾರು ಜನರು ಕಲ್ಲು ಹೊತ್ತರು. ಪ್ರೋಟೊಕಾಲೆಂಬ ಸಂವಾದನಿಯಮಗಳಲ್ಲಿ ಸಾವಿರಕ್ಕೂ ಮಿಕ್ಕವನ್ನು ಅದು ಇಂದು ಬಿಡಿಸಬಲ್ಲುದು. ಒಂದೊಂದು ಪ್ರೋಟೊಕಾಲಿಗೆ ಒಂದೊಂದು ವಿಭಾಜಕ. ಒಂದೊಂದು ವಿಭಾಜಕವನ್ನು ಒಬ್ಬೊಬ್ಬರು ತಮಗೆ ಬೇಕಾದಾಗ ಬರೆದುದು. ಬರೆದವರಲ್ಲಿ ಅನೇಕರು ಬೇರೆ ಬೇರೆ ಕೆಲಸಗಳಿಗೆ ಹೊರಟುಹೋಗಿದ್ದಾರೆ. ಬರೆದುದು ಮಾತ್ರ ಉಳಿದಿದೆ.

ಅದು ಬಹುಮಟ್ಟಿಗೆ ಬರೆಯಲ್ಪಟ್ಟಿರುವುದು ಸಿ ಭಾಷೆಯಲ್ಲಿ. ೧೯೭೦ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಾಲಯದ ಡೆನಿಸ್ ರಿಚಿಯವರು ನಿರ್ಮಿಸಿದ ಈ ಭಾಷೆಯು ಅಲ್ಪಾಕ್ಷರವೂ ವೇಗಶಾಲಿಯೂ ಆದುದು. ಅರ್ಧಮಾತ್ರೆಯು ಉಳಿದರೂ ಪುತ್ರೋತ್ಸವವಾದಂತೆ ಸಂತೋಷಪಡುವರೆಂದು ವೈಯಾಕರಣರನ್ನು ಕುರಿತು ಹೇಳುವ ಮಾತು ಇದರ ನಿರ್ಮಾತೃಗಳಿಗೂ ಸಲ್ಲುವುದು. ಆದರೆ ಈ ಭಾಷೆಯು ಬರೆಯುವವನನ್ನು ಸಂಪೂರ್ಣವಾಗಿ ನಂಬುತ್ತದೆ. ಹತ್ತು ಮನೆಗಳ ಸಾಲಿನಲ್ಲಿ ಹನ್ನೊಂದನೆಯ ಮನೆಯ ಬಾಗಿಲನ್ನು ತೆರೆಯೆಂದರೆ, ಅದು ಇದೆಯೆ ಎಂದು ವಿಚಾರಿಸದೆ, ಆ ಸ್ಥಳದಲ್ಲಿ ಏನಿದ್ದರೂ ಅದನ್ನೇ ತೆರೆದುಕೊಡುತ್ತದೆ. ಸಾಲವಾಗಿ ಪಡೆದ ಸ್ಮೃತಿಸ್ಥಳವನ್ನು ಹಿಂತಿರುಗಿಸಲು ಮರೆತರೆ ನೆನಪುಮಾಡುವುದಿಲ್ಲ. ಹಿಂತಿರುಗಿಸಿದ ಮೇಲೆ ಮತ್ತೆ ಅದನ್ನೇ ಬಳಸಿದರೆ ತಡೆಯುವುದೂ ಇಲ್ಲ.

೩

ಇಲ್ಲಿ ಪೂರ್ವಪಕ್ಷವು ಏಳುತ್ತದೆ. ಹಳೆಯ ಪ್ರೋಗ್ರಾಮನ್ನು ಮುಟ್ಟಬಾರದೆನ್ನುವವರ ವಾದವು ದುರ್ಬಲವಾದುದಲ್ಲ. ಅದನ್ನು ನಾಲ್ಕು ಹೇತುಗಳಾಗಿ ಹೇಳಬಹುದು.

ಮೊದಲನೆಯದು: ನಡೆಯುತ್ತಿರುವುದನ್ನು ಕೆಣಕಬಾರದು. ಇಪ್ಪತ್ತು ವರ್ಷ ನಡೆದ ಗಾಡಿಯ ಕೀಲನ್ನು ಬಿಚ್ಚಿ ನೋಡಿದವನು ಅದನ್ನು ಮೊದಲಿನಂತೆಯೇ ಕೂಡಿಸಬಲ್ಲನೆಂಬ ಭರವಸೆಯಿಲ್ಲ. ತಿದ್ದುವ ಪ್ರತಿಯೊಂದು ಕೈಯೂ ಹೊಸ ದೋಷವನ್ನು ತರಬಲ್ಲುದು.

ಎರಡನೆಯದು: ಫಲವು ಕಾಣುವುದಿಲ್ಲ. ಹೊಸ ವಿಭಾಜಕವನ್ನು ಬರೆದರೆ ಮೊದಲು ಕಾಣದಿದ್ದುದು ಕಾಣುತ್ತದೆ. ಹಳೆಯದನ್ನು ಶುದ್ಧಪಡಿಸಿದರೆ ಕಾಣುವುದು ಮೊದಲಿನಂತೆಯೇ ಇರುತ್ತದೆ, ಇರಲೂ ಬೇಕು. ಯಾರ ಕಣ್ಣಿಗೂ ಬೀಳದ ಕೆಲಸಕ್ಕೆ ಆಯುಷ್ಯವನ್ನು ಏಕೆ ವ್ಯಯಮಾಡಬೇಕು?

ಮೂರನೆಯದು: ಕರ್ತೃವಿನ ಗೌರವ. ಬರೆದವನು ತನ್ನ ಕಾಲದಲ್ಲಿ ತನಗೆ ತಿಳಿದಂತೆ ಬರೆದನು. ತನ್ನ ಪಕ್ಷವನ್ನು ಹೇಳಿಕೊಳ್ಳಲು ಅವನೀಗ ಎದುರಿಗಿಲ್ಲ. ಎದುರಿಗಿಲ್ಲದವನ ಬರವಣಿಗೆಯ ಮೇಲೆ ಗೀಟು ಎಳೆಯುವುದು ಸೌಜನ್ಯವೆ? ಕಂಡಂತೆಯೇ ಬರೆದೆನು, ತಪ್ಪಿದ್ದರೆ ದೋಷವು ಮೂಲದ್ದೆಂದು ಓಲೆಯ ಕೊನೆಯಲ್ಲಿ ಬಿನ್ನವಿಸುತ್ತಿದ್ದ ಹಳೆಯ ಲಿಪಿಕಾರರ ವಿನಯವೇ ಲೇಸಲ್ಲವೆ?

ನಾಲ್ಕನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು: ಶುದ್ಧಿಯ ಹೆಸರಿನಲ್ಲಿ ಅಹಂಕಾರವು ಕೆಲಸಮಾಡುತ್ತದೆ. ತನ್ನ ಅಭ್ಯಾಸವೇ ಸರಿ, ಅನ್ಯರ ಅಭ್ಯಾಸವು ಕೊಳಕು ಎಂಬ ಭಾವನೆಯು ಮನುಷ್ಯನಿಗೆ ಸಹಜವಾದುದು. ಆವರಣಚಿಹ್ನೆಯನ್ನು ಸಾಲಿನ ಕೊನೆಯಲ್ಲಿಡಬೇಕೆ, ಮುಂದಿನ ಸಾಲಿನಲ್ಲಿಡಬೇಕೆ ಎಂಬುದಕ್ಕೆ ಕಂಪ್ಯೂಟರಿಗೆ ಯಾವ ಪಕ್ಷಪಾತವೂ ಇಲ್ಲ. ಮನುಷ್ಯರು ಮಾತ್ರ ಅದಕ್ಕಾಗಿ ಕಲಹವಾಡುತ್ತಾರೆ.

೪

ಇನ್ನು ಸಿದ್ಧಾಂತವನ್ನು ನೋಡತಕ್ಕದ್ದು. ಮೊದಲನೆಯ ಹೇತುವು 'ನಡೆಯುತ್ತಿದೆ' ಎಂಬ ಮಾತಿನ ಮೇಲೆ ನಿಂತಿದೆ. ಆ ಮಾತು ನಿಜವೆ ಎಂಬುದೇ ಮೊದಲು ಪರೀಕ್ಷಿಸಬೇಕಾದ ವಿಷಯ.

ಮಾಕಳಿಗೆ ಸಮೀಪದಲ್ಲಿಯೇ ಹೆಸರಘಟ್ಟವಿದೆ. ೧೮೯೪ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಅಲ್ಲಿ ನಿರ್ಮಿಸಿದ ಜಲಾಶಯದಿಂದ ಬೆಂಗಳೂರು ನಗರಕ್ಕೆ ಕೊಳಾಯಿಯ ನೀರು ಬಂದಿತು. ಆ ಕಟ್ಟೆಯು ಒಡೆದುಹೋಗಲಿಲ್ಲ. ಆದರೂ ದಶಕಗಳು ಉರುಳಿದಂತೆ ನದಿಯ ಹರಿವು ಕುಗ್ಗಿ, ನಗರಕ್ಕೆ ನೀರು ಕೊಡುವ ಶಕ್ತಿಯು ಅದಕ್ಕೆ ಇಲ್ಲವಾಯಿತು. ಕಟ್ಟೆಯು ನಿಂತಿದ್ದ ಹಾಗೆಯೇ ನಿಂತಿದ್ದಿತು. ಅದರ ಸುತ್ತಲಿನ ದೇಶವು ಬದಲಾಯಿಸಿದ್ದಿತು. ಇದ್ದಂತೆಯೇ ಇರುವ ವಸ್ತುವು ಇದ್ದಂತೆಯೇ ಉಪಯೋಗಕ್ಕೆ ಬರುವುದೆಂಬುದು ಭ್ರಾಂತಿ. ಪ್ರೋಗ್ರಾಮಿನ ಸ್ಥಿತಿಯೂ ಇದೇ. ಜಾಲವನ್ನು ಬಳಸುವವರೆಲ್ಲ ಒಬ್ಬರನ್ನೊಬ್ಬರು ಬಲ್ಲ ವಿದ್ವಾಂಸರಾಗಿದ್ದ ಕಾಲದಲ್ಲಿ ಬರೆದ ಸಾಲುಗಳು ಕಳ್ಳರೂ ಸಂಚರಿಸುವ ಹೆದ್ದಾರಿಯಲ್ಲಿ ಇಂದು ನಿಂತಿವೆ. ಸಾಲುಗಳು ಅವೇ, ಸೀಮೆಯು ಬೇರೆ.

ಇದಕ್ಕೆ ಇತಿಹಾಸದಲ್ಲಿ ದೃಷ್ಟಾಂತಗಳಿವೆ. ಸಿ ಭಾಷೆಯ ಭಂಡಾರದಲ್ಲಿ ಒಂದು ಸಾಲನ್ನು ಓದಿಕೊಳ್ಳಲು 'ಗೆಟ್ಸ್' ಎಂಬ ವಿಧಿಯಿದ್ದಿತು. ಓದಿದುದನ್ನು ಇಡುವ ಪಾತ್ರೆಯು ಎಷ್ಟು ದೊಡ್ಡದೆಂದು ಅದು ಕೇಳುತ್ತಿರಲಿಲ್ಲ. ೧೯೮೮ರ ನವೆಂಬರ್ ತಿಂಗಳಲ್ಲಿ ಮಾರಿಸ್ ಹುಳುವೆಂದು ಪ್ರಸಿದ್ಧವಾದ ಪ್ರೋಗ್ರಾಮು ಅಂತರ್ಜಾಲದ ಸಾವಿರಾರು ಯಂತ್ರಗಳನ್ನು ಕಂಗೆಡಿಸಿದಾಗ, ಅದು ನುಗ್ಗಿದ ಬಾಗಿಲುಗಳಲ್ಲಿ ಇದೂ ಒಂದಾಗಿದ್ದಿತು. ಆ ವಿಧಿಯನ್ನು ಭಾಷೆಯ ಪ್ರಮಾಣಗ್ರಂಥದಿಂದ ತೆಗೆದುಹಾಕಿದುದು ೨೦೧೧ರಲ್ಲಿ. ದೋಷವು ಲೋಕಕ್ಕೆಲ್ಲ ವಿದಿತವಾದ ಮೇಲೂ ಇಪ್ಪತ್ತಮೂರು ವರ್ಷ ಅದು ಗ್ರಂಥದಲ್ಲಿ ಉಳಿದಿದ್ದಿತು. 'ನಡೆಯುತ್ತಿದೆ, ಇರಲಿ' ಎಂಬ ಮಾತಿನ ಬಲವು ಇಷ್ಟು.

ಎರಡನೆಯ ದೃಷ್ಟಾಂತವು ೨೦೧೪ರದು. ಗುಪ್ತಸಂವಾದವನ್ನು ಕಾಪಾಡುವ ಓಪನ್‌ಎಸ್‌ಎಸ್‌ಎಲ್ ಎಂಬ ಪ್ರೋಗ್ರಾಮು ಲೋಕದ ಅಸಂಖ್ಯ ಯಂತ್ರಗಳಲ್ಲಿ ನಡೆಯುತ್ತಿದ್ದಿತು. ಅದನ್ನು ನೋಡಿಕೊಳ್ಳುತ್ತಿದ್ದವರಾದರೋ ಬೆರಳೆಣಿಕೆಯ ಜನರು. 'ಬದುಕಿದ್ದೀಯಾ?' ಎಂದು ಒಂದು ಯಂತ್ರವು ಇನ್ನೊಂದನ್ನು ಕೇಳಿ, ತಾನು ಕಳುಹಿಸಿದ ಮಾತನ್ನೇ ಹಿಂದಕ್ಕೆ ಪಡೆಯುವ ಏರ್ಪಾಡು ಅದರಲ್ಲಿದ್ದಿತು. ಕೇಳುವವನು ತನ್ನ ಮಾತಿನ ಉದ್ದವನ್ನು ತಾನೇ ಹೇಳಬೇಕು. ಒಂದು ಬೈಟನ್ನು ಕಳುಹಿಸಿ 'ಇದು ಅರುವತ್ತು ಸಾವಿರ ಬೈಟು' ಎಂದರೆ, ಪ್ರೋಗ್ರಾಮು ಅದನ್ನು ನಂಬಿ, ತನ್ನ ಸ್ಮೃತಿಯಲ್ಲಿ ಪಕ್ಕದಲ್ಲಿದ್ದ ಪರರ ಗುಟ್ಟುಗಳನ್ನೆಲ್ಲ ಅಳೆದುಕೊಡುತ್ತಿದ್ದಿತು. ಹಾರ್ಟ್‌ಬ್ಲೀಡ್ ಎಂದು ಹೆಸರಾದ ಈ ದೋಷವು ೨೦೧೨ರಲ್ಲಿ ಹೊರಬಂದ ಆವೃತ್ತಿಯಿಂದ ಎರಡು ವರ್ಷ ಯಾರ ಕಣ್ಣಿಗೂ ಬೀಳದೆ 'ನಡೆಯುತ್ತಿದ್ದಿತು'.

ಪ್ಯಾಕೆಟ್ ವಿಶ್ಲೇಷಕಕ್ಕೆ ಈ ಪಾಠವು ಎಲ್ಲರಿಗಿಂತ ಹೆಚ್ಚಾಗಿ ಅನ್ವಯಿಸುವುದು. ಅದು ಓದುವುದೆಲ್ಲ ಅಪರಿಚಿತರ ಬರಹವನ್ನು. ಜಾಲವು ಕೆಟ್ಟಾಗ, ಕಳ್ಳನು ಹೊಕ್ಕಿದ್ದಾನೆಂಬ ಶಂಕೆಯು ಬಂದಾಗ ಅದನ್ನು ಕರೆಯುತ್ತಾರೆ. ವೈದ್ಯನು ರೋಗಿಗಳ ನಡುವೆಯೇ ಬದುಕಬೇಕಾಗಿರುವಂತೆ ಅದು ವಿಕಾರಗೊಂಡ ಪ್ಯಾಕೆಟ್ಟುಗಳ ನಡುವೆಯೇ ಬದುಕಬೇಕು. 'ಮುಂದೆ ೪೦೦ ಬೈಟುಗಳಿವೆ' ಎಂದು ಪ್ಯಾಕೆಟ್ಟು ಹೇಳಿಕೊಂಡು, ನಿಜವಾಗಿ ಹತ್ತೇ ಇದ್ದರೆ, ಹಳೆಯ ರೀತಿಯಲ್ಲಿ ನೇರವಾಗಿ ಸ್ಮೃತಿಯನ್ನು ಮುಟ್ಟುವ ವಿಭಾಜಕವು ಉಳಿದ ೩೯೦ನ್ನು ಎಲ್ಲಿಂದಲೋ ಓದುವುದು. ಈ ಭಯದಿಂದಲೇ ವೈರ್‌ಶಾರ್ಕಿನವರು ಪ್ಯಾಕೆಟ್ಟಿನ ಬೈಟುಗಳನ್ನು ಒಂದು ಕಾವಲಿನ ಪೆಟ್ಟಿಗೆಯಲ್ಲಿಟ್ಟು, ಪ್ರತಿಯೊಂದು ಓದಿಗೂ ಮೇರೆಯನ್ನು ಪರೀಕ್ಷಿಸುವ ಕ್ರಮವನ್ನು ತಂದರು. ಮೇರೆ ಮೀರಿದರೆ ಓದು ನಿಲ್ಲುತ್ತದೆ. 'ಈ ಪ್ಯಾಕೆಟ್ಟು ವಿರೂಪವಾದುದು' ಎಂಬ ಸೂಚನೆಯು ತೋರುತ್ತದೆ. ಹಳೆಯ ವಿಭಾಜಕಗಳನ್ನು ಒಂದೊಂದಾಗಿ ಈ ಕ್ರಮಕ್ಕೆ ತರುವ ಕೆಲಸವು ವರ್ಷಗಟ್ಟಲೆ ನಡೆಯಿತು. ಸಾಲವಾಗಿ ಪಡೆದ ಸ್ಮೃತಿಯನ್ನು ಪ್ಯಾಕೆಟ್ಟಿನ ಕೆಲಸವು ಮುಗಿದೊಡನೆ ತಾನಾಗಿಯೇ ಹಿಂತಿರುಗಿಸುವ ಏರ್ಪಾಡೂ ಹೀಗೆಯೇ ಬಂದಿತು. ಜಾಲದಿಂದ ಪ್ಯಾಕೆಟ್ಟನ್ನು ಹಿಡಿಯುವುದಕ್ಕೆ ಯಂತ್ರದ ವಿಶೇಷಾಧಿಕಾರವು ಬೇಕು. ಆ ಅಧಿಕಾರವನ್ನು ಹಿಡಿಯುವ ಸಣ್ಣ ಭಾಗಕ್ಕೆ ಮಾತ್ರ ಕೊಟ್ಟು, ಬಿಡಿಸಿ ಓದುವ ದೊಡ್ಡ ಭಾಗಕ್ಕೆ ಕೊಡದೆ ಬೇರ್ಪಡಿಸಿದರು. ಇಷ್ಟರಿಂದಲೂ ತೃಪ್ತರಾಗದೆ, ಪ್ಯಾಕೆಟ್ಟುಗಳ ಬೈಟುಗಳನ್ನು ಬೇಕೆಂದೇ ಅಡ್ಡಾದಿಡ್ಡಿಯಾಗಿ ಕೆಡಿಸಿ ಪ್ರೋಗ್ರಾಮಿಗೆ ಉಣಿಸಿ, ಎಲ್ಲಿ ಮುಗ್ಗರಿಸುವುದೆಂದು ಪರೀಕ್ಷಿಸುತ್ತಾರೆ.

ಇದರಿಂದ ಎರಡನೆಯ ಹೇತುವಿಗೂ ಉತ್ತರವು ದೊರೆಯಿತು. ಜೀರ್ಣೋದ್ಧಾರದ ಫಲವು ಕಾಣುವುದಿಲ್ಲವೆಂಬುದು ನಿಜ. ಒಡೆಯದ ಕೆರೆಯ ಏರಿಯನ್ನು ಯಾರೂ ನೋಡಲು ಹೋಗುವುದಿಲ್ಲ. ಆದರೆ ಕಾಣದಿರುವುದೇ ಆ ಫಲದ ಲಕ್ಷಣ. ಕೆಳಗಿನ ಗದ್ದೆಯವನು ರಾತ್ರಿ ನಿಶ್ಚಿಂತೆಯಿಂದ ಮಲಗುತ್ತಾನಷ್ಟೆ. ಆ ನಿದ್ರೆಯೇ ಏರಿಗೆ ಮಣ್ಣು ಹೊತ್ತವನ ಕೂಲಿ.

೫

ಮೂರನೆಯ ಹೇತು ಕರ್ತೃವಿನ ಗೌರವವನ್ನು ಕುರಿತದ್ದು. ಇದಕ್ಕೆ ವ್ಯಾಕರಣಶಾಸ್ತ್ರದ ಸಂಪ್ರದಾಯವೇ ಸಮಾಧಾನವನ್ನು ಹೇಳುತ್ತದೆ. ಪಾಣಿನಿಯ ಸೂತ್ರಗಳ ಮೇಲೆ ಕಾತ್ಯಾಯನನು ವಾರ್ತಿಕಗಳನ್ನು ರಚಿಸಿದನು. ಮೂಲದಲ್ಲಿ ಹೇಳಿದುದು, ಹೇಳದೆ ಬಿಟ್ಟುದು, ಸರಿಯಾಗಿ ಹೇಳದುದು ಎಂಬ ಮೂರನ್ನೂ ವಿಚಾರಿಸುವುದೇ ವಾರ್ತಿಕದ ಲಕ್ಷಣವೆಂದು ಶಾಸ್ತ್ರಕಾರರು ಹೇಳಿದ್ದಾರೆ. ಪತಂಜಲಿಯು ಮಹಾಭಾಷ್ಯದಲ್ಲಿ ಆ ಇಬ್ಬರನ್ನೂ ಎದುರಿಗಿಟ್ಟುಕೊಂಡು ತೂಗಿದನು. ಹಲವೆಡೆ ಕಾತ್ಯಾಯನನ ತಿದ್ದುಪಡಿಯು ಅನಾವಶ್ಯಕವೆಂದು ತೋರಿಸಿ ಸೂತ್ರವನ್ನು ಎತ್ತಿಹಿಡಿದನು. ಈ ಮೂವರನ್ನೂ ಸೇರಿಸಿಯೇ ಮುನಿತ್ರಯವೆಂದು ವಂದಿಸುವುದು ರೂಢಿಯಾಗಿದೆ. ತಿದ್ದಿದವನನ್ನು ಯಾರೂ ಗುರುದ್ರೋಹಿಯೆನ್ನಲಿಲ್ಲ. ಋಷಿಋಣವನ್ನು ಅಧ್ಯಯನದಿಂದಲೇ ತೀರಿಸಬೇಕೆಂದು ಹೇಳಿರುವುದೂ ಇದಕ್ಕೆ ಅನುಗುಣವಾಗಿದೆ. ಹಳೆಯ ಬರಹವನ್ನು ಓದದೆ ಕೈಮುಗಿದು ಹೋಗುವವನಿಗಿಂತ, ಸಾಲುಸಾಲಾಗಿ ಓದಿ ತಪ್ಪನ್ನು ಕಂಡು ತಿದ್ದಿದವನೇ ಆ ಋಣಕ್ಕೆ ಹೆಚ್ಚು ಸಲ್ಲಿಸಿದನು.

ಲಿಪಿಕಾರನ ವಿನಯವು ಪಾಠವನ್ನು ಉಳಿಸುವ ಕಾರ್ಯಕ್ಕೆ ಉಚಿತವಾದುದು. ಕಾವ್ಯದ ಪಾಠವು ಸಾಕ್ಷಿಯ ಮಾತಿನಂತೆ. ಅದನ್ನು ಬದಲಾಯಿಸಿದರೆ ಸಾಕ್ಷ್ಯವು ಕೆಡುವುದು. ಪ್ರೋಗ್ರಾಮಾದರೋ ತೂಬಿನಂತೆ, ಅದರಲ್ಲಿ ಇಂದಿನ ನೀರು ಹರಿಯಬೇಕು. ಅಲ್ಲದೆ ತಿದ್ದುಪಡಿಗಳ ಚರಿತ್ರೆಯನ್ನು ಕಾಪಾಡುವ ಏರ್ಪಾಡಿನಲ್ಲಿ ಹಳೆಯ ಪಾಠವು ನಾಶವಾಗುವುದೂ ಇಲ್ಲ: ಯಾವ ಸಾಲನ್ನು, ಯಾರು, ಎಂದು, ಯಾವ ಕಾರಣದಿಂದ ಬದಲಾಯಿಸಿದರೆಂಬುದೆಲ್ಲ ದಾಖಲೆಯಲ್ಲಿರುತ್ತದೆ. ಪಾಠಾಂತರಗಳನ್ನೆಲ್ಲ ಅಡಿಟಿಪ್ಪಣಿಯಲ್ಲಿ ಉಳಿಸಿ ಶುದ್ಧಪಾಠವನ್ನು ಮೇಲೆ ಅಚ್ಚುಹಾಕಿದ ಹಾಗೆ ಇದು.

ನಾಲ್ಕನೆಯ ಹೇತು ಮಾತ್ರ ಖಂಡಿಸತಕ್ಕದ್ದಲ್ಲ, ಅಂಗೀಕರಿಸತಕ್ಕದ್ದು. ಜೀರ್ಣೋದ್ಧಾರದ ನಿಯಮಗಳು ಹುಟ್ಟುವುದು ಅದರಿಂದಲೇ. ಆ ನಿಯಮಗಳನ್ನು ಮಾಕಳಿಯ ತರುಣಿಯ ಕೆಲಸದಲ್ಲಿಟ್ಟು ನೋಡಬಹುದು.

ತಿಳಿಯದೆ ಮುಟ್ಟಬಾರದೆಂಬುದು ಮೊದಲನೆಯ ನಿಯಮ. ನೋಡಿದೊಡನೆ ವ್ಯರ್ಥವೆಂದು ತೋರುವ ಸಾಲು, ಲೋಕದ ಯಾವುದೋ ಮೂಲೆಯ ವಕ್ರಯಂತ್ರವೊಂದನ್ನು ಸಹಿಸಿಕೊಳ್ಳುವುದಕ್ಕೆ ಬರೆದುದಾಗಿರಬಹುದು. ಹೆಸರನ್ನು ಬದಲಾಯಿಸಿದಂತೆ ತೋರುವ ಕೆಲಸದಲ್ಲಿಯೂ ಅಪಾಯವಿದೆ. ಸಿ ಭಾಷೆಯಲ್ಲಿ ನಿಜ ಸುಳ್ಳು ಎಂಬ ಎರಡು ಬೆಲೆಗಳಿಗೆ ಪ್ರತ್ಯೇಕವಾದ ಜಾತಿಯು ಬಂದುದು ೧೯೯೯ರ ಪ್ರಮಾಣಗ್ರಂಥದಲ್ಲಿ. ಅದಕ್ಕೆ ಮುಂಚೆ ಹುಟ್ಟಿದ ವೈರ್‌ಶಾರ್ಕಿನಲ್ಲಿ ಇದಕ್ಕಾಗಿ ಜೀಲಿಬ್ ಎಂಬ ಭಂಡಾರದ 'ಜೀಬೂಲಿಯನ್' ಎಂಬ ಹೆಸರನ್ನು ಬಳಸುತ್ತಿದ್ದರು. ಇತ್ತೀಚಿನ ವರ್ಷಗಳಲ್ಲಿ ಅದನ್ನು ತೆಗೆದು ಭಾಷೆಯ ಸ್ವಂತ 'ಬೂಲ್' ಎಂಬುದನ್ನು ಇಡುತ್ತ ಬಂದಿದ್ದಾರೆ. ಅರ್ಥವು ಒಂದೇ. ಆದರೆ ಸಾಮಾನ್ಯವಾದ ಯಂತ್ರಗಳಲ್ಲಿ ಹಳೆಯದು ನಾಲ್ಕು ಬೈಟಿನ ಸ್ಥಳವನ್ನು ಹಿಡಿಯುವುದು, ಹೊಸದು ಒಂದನ್ನೇ. ಒಂದೆಡೆ ಹೊಸ ಹೆಸರನ್ನಿಟ್ಟು, ಅದರ ವಿಳಾಸವನ್ನು ಪಡೆದು ಬರೆಯುವ ಇನ್ನೊಂದೆಡೆಯಲ್ಲಿ ಹಳೆಯದನ್ನೇ ಬಿಟ್ಟರೆ, ಒಂದು ಬೈಟಿನ ಮನೆಯೊಳಕ್ಕೆ ನಾಲ್ಕು ಬೈಟುಗಳು ನುಗ್ಗಿ ಪಕ್ಕದ ಮನೆಗಳನ್ನು ಅಳಿಸಿಬಿಡುವುವು. ಆದುದರಿಂದ ಕಸ ಗುಡಿಸುವವಳಿಗೂ ಮನೆಯ ಅಸ್ತಿಭಾರದ ಜ್ಞಾನವಿರಬೇಕು.

ಒಂದು ಹೆಜ್ಜೆಗೆ ಒಂದೇ ಕೆಲಸವೆಂಬುದು ಎರಡನೆಯ ನಿಯಮ. ಸಾಲುಗಳ ಅಂಚನ್ನು ಸರಿಸುವುದನ್ನೂ ಅರ್ಥವನ್ನು ಬದಲಾಯಿಸುವುದನ್ನೂ ಒಂದರಲ್ಲಿ ಬೆರೆಸಿದರೆ, ಪರೀಕ್ಷಕನ ಕಣ್ಣಿಗೆ ಸಾವಿರ ಸಾಲುಗಳ ಬದಲಾವಣೆಯು ತೋರಿ, ನಡುವಿನ ಒಂದು ತಪ್ಪು ಮರೆಯಾಗುವುದು. ಕೇವಲ ಅಂದಕ್ಕಾಗಿ ಎಲ್ಲ ಸಾಲುಗಳನ್ನೂ ಅಲುಗಿಸಿದರೆ, ಮುಂದೆ ಈ ಸಾಲನ್ನು ಬರೆದವರಾರೆಂದು ಹುಡುಕುವವನಿಗೆ ಎಲ್ಲೆಲ್ಲಿಯೂ ಗುಡಿಸಿದವಳ ಹೆಸರೇ ಸಿಕ್ಕುವುದು. ಬರೆದವನ ಹೆಸರು ಅದರಡಿಯಲ್ಲಿ ಹೂತುಹೋಗುವುದು. ಇದು ಕರ್ತೃವಿಗೆ ಮಾಡುವ ನಿಜವಾದ ಅಗೌರವ.

ಬಳಕೆದಾರರ ರೂಢಿಯನ್ನು ಕರುಣೆಯಿಂದ ಕಾಣಬೇಕೆಂಬುದು ಮೂರನೆಯ ನಿಯಮ. ಯಂತ್ರಗಳಿಗೆ ವಿಳಾಸವನ್ನು ಹಂಚುವ ಡಿಎಚ್‌ಸಿಪಿ ಎಂಬ ಪ್ರೋಟೊಕಾಲು ಬೂಟ್‌ಪಿ ಎಂಬ ಹಳೆಯದರಿಂದ ಬೆಳೆದುದು. ವೈರ್‌ಶಾರ್ಕಿನಲ್ಲಿ ಬಹುಕಾಲ ಹಳೆಯ ಹೆಸರೇ ಇದ್ದಿತು. ೨೦೧೯ರ ಆವೃತ್ತಿಯಲ್ಲಿ ಅದನ್ನು ಹೊಸ ಹೆಸರಿಗೆ ತಿರುಗಿಸಿದರು. ಎಸ್‌ಎಸ್‌ಎಲ್ ಎಂಬುದನ್ನು ಟಿಎಲ್‌ಎಸ್ ಎಂದು ಮಾಡಿದುದೂ ಆಗಲೇ. ಹಳೆಯ ಹೆಸರಿನಿಂದ ಹುಡುಕುವ ಅಭ್ಯಾಸವಿದ್ದವರನ್ನು ಒಮ್ಮೆಗೇ ಹೊರದೂಡದೆ, ಅದು ಹೋಗಲಿರುವ ಹೆಸರೆಂಬ ಎಚ್ಚರಿಕೆಯೊಡನೆ ಕೆಲಕಾಲ ನಡೆಯಗೊಟ್ಟರು. ರಾಜಧಾನಿಯ ಹೆಸರನ್ನು ಇಂಗ್ಲಿಷಿನಲ್ಲಿಯೂ ಬೆಂಗಳೂರು ಎಂದೇ ಬರೆಯಬೇಕೆಂದು ೨೦೧೪ರ ನವೆಂಬರ್ ೧ರಿಂದ ವಿಧಿಸಿದಾಗ ಅದಕ್ಕೆ ಹಿಂದಿನ ಕ್ರಯಪತ್ರಗಳು ಅಸಿಂಧುವಾಗಲಿಲ್ಲ; ಇದೂ ಆ ನ್ಯಾಯವೇ.

ಆದರೆ ರೂಢಿಯ ಮೇಲಿನ ಕರುಣೆಗೂ ಮೇರೆಯುಂಟು. ತರುಣಿಯು ವಿಭಾಜಕದ ಉದ್ದದ ಲೆಕ್ಕವನ್ನು ಸರಿಪಡಿಸಿದಳೆಂದಿಟ್ಟುಕೊಳ್ಳಬಹುದು. ಅದುವರೆಗೆ ತಪ್ಪು ಲೆಕ್ಕದ ಬಲದಿಂದ ಸರಿಯಾಗಿ ತೋರುತ್ತಿದ್ದ ಒಂದು ಸಲಕರಣೆಯ ಪ್ಯಾಕೆಟ್ಟುಗಳು ಈಗ ವಿರೂಪವೆಂದು ತೋರತೊಡಗುತ್ತವೆ. ಸಲಕರಣೆಯವರು ಕೋಪಗೊಂಡು, 'ನಿನ್ನೆಯವರೆಗೆ ಸರಿಯಾಗಿತ್ತು, ನೀನು ಕೆಡಿಸಿದೆ' ಎನ್ನುತ್ತಾರೆ. ಅವಳ ಮೇಲಿನ ಅಧಿಕಾರಿಯು, ಹೇಗಿತ್ತೋ ಹಾಗೆ ಮಾಡಿಬಿಡು ಎನ್ನಬಹುದು. ಇಲ್ಲಿ ಸತ್ಯಕ್ಕೂ ಸೌಕರ್ಯಕ್ಕೂ ವಿರೋಧವು ಒದಗುತ್ತದೆ. ವಿಶ್ಲೇಷಕವು ಸಾಕ್ಷಿಯ ಸ್ಥಾನದಲ್ಲಿ ನಿಂತಿರುವುದು. ಪ್ರಿಯವಾಗಲೆಂದು ಮಾತನ್ನು ತಿರುಚುವ ಸಾಕ್ಷಿಯಿಂದ ಯಾರಿಗೂ ಪ್ರಯೋಜನವಿಲ್ಲ. ಕೊನೆಗೆ ಆ ಸಲಕರಣೆಯವರಿಗೂ ಇಲ್ಲ. ಹೀಗಾಗಿ ಅವಳು ಲೆಕ್ಕವನ್ನು ಹಿಂದಕ್ಕೆ ತಿರುಗಿಸಬಾರದು. ಓದಲು ಸಿಕ್ಕಿದಷ್ಟನ್ನು ತೋರಿಸಿ, ದೋಷವು ಎಲ್ಲಿದೆಯೆಂಬ ಟಿಪ್ಪಣಿಯನ್ನು ಪಕ್ಕದಲ್ಲಿಟ್ಟು, ಕಾರಣವನ್ನು ದಾಖಲೆಯಲ್ಲಿ ಬರೆದರೆ ಸತ್ಯವೂ ಉಳಿಯುವುದು, ಪರುಷವೂ ಆಗದು.

೬

ಇನ್ನು ಅಧಿಕಾರದ ಪ್ರಶ್ನೆಯು ಉಳಿಯಿತು. ಯಾರಾದರೂ ತಿದ್ದಬಹುದೆಂಬ ಅನುಮತಿಯಿಂದ ಎಲ್ಲರೂ ಯೋಗ್ಯರಾದರೆಂದು ಹೇಳಿದಂತಾಗುವುದಿಲ್ಲ. ೨೦೨೪ರ ಮಾರ್ಚ್ ತಿಂಗಳಲ್ಲಿ ನಡೆದ ಪ್ರಸಂಗವು ಇದಕ್ಕೆ ಎಚ್ಚರಿಕೆಯಾಗಿದೆ. ಕಡತಗಳನ್ನು ಒತ್ತಿ ಕಿರಿದುಮಾಡುವ ಎಕ್ಸ್‌ಜೆಡ್ ಎಂಬ ಪ್ರೋಗ್ರಾಮನ್ನು ಬಹುಮಟ್ಟಿಗೆ ಒಬ್ಬರೇ ವರ್ಷಗಟ್ಟಲೆ ನೋಡಿಕೊಳ್ಳುತ್ತಿದ್ದರು. ಅವರು ದಣಿದಿದ್ದ ಸಮಯದಲ್ಲಿ ಅಪರಿಚಿತನೊಬ್ಬನು ಸಹಾಯಕನಾಗಿ ಬಂದು, ಎರಡು ವರ್ಷಕ್ಕೂ ಮಿಕ್ಕು ಒಳ್ಳೆಯ ಕೆಲಸವನ್ನೇ ಮಾಡಿ ವಿಶ್ವಾಸವನ್ನು ಗಳಿಸಿ, ಕೊನೆಗೆ ಅದರೊಳಗೆ ಕಳ್ಳಬಾಗಿಲನ್ನು ಕೂಡಿಸಿದನು. ಯಂತ್ರವೊಂದಕ್ಕೆ ದೂರದಿಂದ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡಿನ ವಿಳಂಬವಾದುದನ್ನು ಅಲಕ್ಷಿಸದೆ ಬೆನ್ನುಹತ್ತಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರರಿಂದ ಅದು ಬಯಲಾಯಿತು.

ಇದರಲ್ಲಿ ಅಪರಾಧವು ವಂಚಕನದೇ. ಆದರೆ ಲೋಕಕ್ಕೂ ಅದರಲ್ಲೊಂದು ಪಾಲುಂಟು. ಕೋಟ್ಯಂತರ ಯಂತ್ರಗಳು ಆಶ್ರಯಿಸಿದ ವಸ್ತುವನ್ನು ದಣಿದ ಒಬ್ಬ ಮನುಷ್ಯನ ಬಿಡುವಿನ ವೇಳೆಗೆ ಒಪ್ಪಿಸಿ, ಅವನನ್ನು ಯಾರೂ ವಿಚಾರಿಸಲಿಲ್ಲ. ಪೂರ್ವಿಕರು ಕೆರೆಯನ್ನು ಕಟ್ಟಿಸಿದಾಗ ಬಿತ್ತುವಟ್ಟವನ್ನೂ ಬಿಟ್ಟರು. ಏರಿಯನ್ನು ಕಾಯುವವನು ಉಣ್ಣಬೇಕೆಂಬುದನ್ನು ಮರೆಯಲಿಲ್ಲ. ಈ ಕಾಲದ ಸಿರಿವಂತ ಸಂಸ್ಥೆಗಳು ಇಂಥ ಸಾರ್ವಜನಿಕ ಕೆರೆಗಳಿಂದ ಹಗಲಿರುಳು ನೀರನ್ನು ತಿರುವಿಕೊಳ್ಳುತ್ತಿವೆ. ಹೊಸ ನಿರ್ಮಾಣಕ್ಕೆ ಬಹುಮಾನವನ್ನು ಸಾರುತ್ತವೆ. ಹೂಳೆತ್ತುವವನ ಹೆಸರು ಅವುಗಳ ಲೆಕ್ಕದ ಪುಸ್ತಕದಲ್ಲಿ ಕಾಣುವುದು ಅಪೂರ್ವ. ಜೀರ್ಣೋದ್ಧಾರವು ಧರ್ಮವೆಂದು ಒಪ್ಪಿದ ಮೇಲೆ, ಅದನ್ನು ಮಾಡುವವರ ಯೋಗಕ್ಷೇಮವೂ ಧರ್ಮದ ಅಂಗವೇ ಆಗುವುದು. ತರುಣಿಯೊಬ್ಬಳ ವರ್ಷದ ಕೆಲಸವನ್ನು ತೂಗುವಾಗ ಅವಳು ಎಷ್ಟು ಹೊಸ ಸಾಲುಗಳನ್ನು ಬರೆದಳೆಂದು ಮಾತ್ರ ಕೇಳುವ ಯಜಮಾನನು, ಎಷ್ಟು ಸಾಲುಗಳನ್ನು ಅರಿತು ತೆಗೆದಳು, ಎಷ್ಟು ಅನಾಹುತಗಳು ಆಗದೆ ಉಳಿದುವು ಎಂದು ಕೇಳುವುದನ್ನೂ ಕಲಿಯಬೇಕು.

೭

ಈ ವಿಚಾರದ ಒಟ್ಟು ತಾತ್ಪರ್ಯವು ಹೀಗೆ ಸಂಗತವಾಗುವುದು. ಜೀರ್ಣೋದ್ಧಾರವು ನಿರ್ಮಾಣಕ್ಕಿಂತ ಕೀಳಾದುದಲ್ಲ. ಅದನ್ನು ಮಾಡುವವನಿಗೆ ಅಧಿಕಾರವು ಬರುವುದು ಅಧ್ಯಯನದಿಂದ, ಬಲವು ಬರುವುದು ದಾಖಲೆಯಿಂದ, ಮೇರೆಯು ಏರ್ಪಡುವುದು ತನ್ನ ರುಚಿಯನ್ನು ದೋಷದಿಂದ ಬೇರ್ಪಡಿಸಿ ನೋಡುವ ವಿವೇಕದಿಂದ. ಹಳೆಯದೆಂಬ ಕಾರಣದಿಂದ ತೆಗೆಯುವುದೂ, ಹಳೆಯದೆಂಬ ಕಾರಣದಿಂದ ಬಿಡುವುದೂ ಸಮಾನವಾದ ಆಲಸ್ಯಗಳು. ಎರಡರಲ್ಲಿಯೂ ಓದುವ ಶ್ರಮವು ತಪ್ಪುತ್ತದೆ.

ಇಷ್ಟಲ್ಲದೆ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಹೊಸದನ್ನು ಕಟ್ಟುವವನ ಮುಂದೆ ಬೇಡುವವರಿರುತ್ತಾರೆ, ಮೆಚ್ಚುವವರಿರುತ್ತಾರೆ. ಹಳೆಯದನ್ನು ಸರಿಪಡಿಸುವವಳು ಇಬ್ಬರು ಪರೋಕ್ಷರ ನಡುವೆ ಕುಳಿತಿರುತ್ತಾಳೆ. ಹಿಂದೆ ಬರೆದು ಹೋದವನು ಅವಳಿಗೆ ತನ್ನ ಅಭಿಪ್ರಾಯವನ್ನು ಹೇಳಲಾರನು. ಮುಂದೆ ಓದಲು ಬರುವವನು ತನ್ನ ಕಷ್ಟವನ್ನು ಹೇಳಲಾರನು. ಇಬ್ಬರೂ ಅವಳ ಪ್ರಾಮಾಣಿಕತೆಯನ್ನೇ ನೆಚ್ಚಿಕೊಂಡಿದ್ದಾರೆ. ಎದುರಿಗಿದ್ದು ಕೇಳಬಲ್ಲವರಿಗೆ ಸಲ್ಲಿಸುವುದು ವ್ಯವಹಾರದಿಂದಲೂ ನಡೆಯುತ್ತದೆ. ಬಾಯಿ ತೆರೆದು ಕೇಳಲಾರದವರಿಗೆ ಸಲ್ಲಿಸುವುದು ಧರ್ಮದಿಂದ ಮಾತ್ರ ನಡೆಯುತ್ತದೆ.

ಗಂಗರ ಕಾಲದಲ್ಲಿ ಮಾನ್ಯಪುರವೆಂದು ಮೆರೆದ ಮಣ್ಣೆಯು ನೆಲಮಂಗಲದ ಸೀಮೆಯಲ್ಲಿಯೇ ಇದೆ. ಇಂದು ಅದೊಂದು ಸಣ್ಣ ಗ್ರಾಮ. ಕಟ್ಟಿದವರ ಕೀರ್ತಿಯು ತಾಮ್ರಪಟಗಳಲ್ಲಿ ಉಳಿಯಿತು. ಕಟ್ಟಿದುದರಲ್ಲಿ ಕಾಪಾಡುವ ಕೈಗಳು ದೊರೆತಷ್ಟೇ ಭಾಗವು ನೆಲದ ಮೇಲೆ ಉಳಿಯಿತು. ಈ ಮಾತನ್ನು ಕಲ್ಲಿನಲ್ಲಿ ಕಟ್ಟುವವರೂ ಅಕ್ಷರದಲ್ಲಿ ಕಟ್ಟುವವರೂ ಸಮಾನವಾಗಿ ನೆನೆಯತಕ್ಕದ್ದು.